ಖಾಲಿ ಕುರ್ಚಿಗೆ ಕರೆ ಕೊಡುವವರು ಯಾರು? ನಾಗಾವಿಯಿಂದ ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಶಾಸಕರೊಬ್ಬರು ತೀರಿಕೊಂಡಾಗ ಇಲ್ಲವೆ ರಾಜೀನಾಮೆ ಕೊಟ್ಟಾಗ ಗದಗ ಸೀಮೆಯ ಜನ ಆಡುವ ಮೊದಲ ಮಾತು ‘ಸೀಟು ಖಾಲಿ ಬಿತ್ತು’. ಅದರ ಬೆನ್ನಿಗೇ ‘ಎಲೆಕ್ಷನ್ ಯಾವಾಗ ಡಿಕ್ಲೇರ್ ಆಗತೈತಿ?’ ಎಂಬ ಪ್ರಶ್ನೆ ಬರುತ್ತದೆ. ಡಿಕ್ಲೇರ್ ಮಾಡುವವರು ಯಾರು ಎಂದು ಕೇಳಿದರೆ ಓದಿದವರೂ ‘ರಾಜ್ಯಪಾಲರು’ ಎನ್ನುತ್ತಾರೆ.

ಈ ಉತ್ತರ ಸುಮ್ಮನೆ ಹುಟ್ಟಿದ್ದಲ್ಲ. ತಹಶೀಲ್ದಾರ ಕಚೇರಿಗೆ ಎಡತಾಕಿದವರೆಲ್ಲ ಸರ್ಕಾರಿ ಆದೇಶದ ಕೊನೆಯ ಸಾಲನ್ನು ನೋಡಿರುತ್ತಾರೆ: ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’. ಎಲ್ಲವೂ ಅವರ ಹೆಸರಿನಲ್ಲಿ ಹೊರಡುವಾಗ ಚುನಾವಣೆಯೂ ಅವರ ಹೆಸರಿನಲ್ಲೇ ಹೊರಡಬೇಕಲ್ಲ ಎಂಬುದು ಸಹಜ ತರ್ಕ. ಸಂವಿಧಾನದ 174ನೆಯ ವಿಧಿಯಂತೆ ಸದನವನ್ನು ಕರೆಯುವವರೂ ರಾಜ್ಯಪಾಲರೇ. ಅಧಿವೇಶನದ ಕರೆ ಮತ್ತು ಚುನಾವಣೆಯ ಕರೆ ಜನರ ಮಾತಿನಲ್ಲಿ ಒಂದಾಗಿಬಿಟ್ಟಿವೆ.

ಉತ್ತರ ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧ ಸರಿ ಎಂಬುದನ್ನು ಕಾನೂನಿನ ಪಾಠದಿಂದಲೂ ನಮ್ಮ ಸುತ್ತಲಿನ ಉದಾಹರಣೆಗಳಿಂದಲೂ ಗುರುತಿಸುವುದು ಈ ಟಿಪ್ಪಣಿಯ ಕೆಲಸ. ಹುಡುಕುತ್ತ ಹೋದಂತೆ ಕರೆ ಕೊಡುವ ಕೈ ಯಾವುದು ಎಂಬುದಕ್ಕಿಂತ ಆ ಕೈಗೆ ಗಡುವು ಕಟ್ಟಿದೆಯೇ ಎಂಬ ಪ್ರಶ್ನೆಯೇ ದೊಡ್ಡದೆನಿಸಿತು. ಟಿಪ್ಪಣಿ ಸಾಧಿಸಹೊರಟಿರುವುದೂ ಅದನ್ನೇ.

ಸ್ಥಳದ ಬಗ್ಗೆ ಒಂದು ಸ್ಪಷ್ಟನೆ. ಕನ್ನಡದ ಶಾಸನಾಭ್ಯಾಸಿಗಳಿಗೆ ನಾಗಾವಿ ಎಂದೊಡನೆ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಘಟಿಕಾಸ್ಥಾನ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಗದಗಿನ ಬಳಿಯ, ಕಪ್ಪತಗುಡ್ಡದ ಸೆರಗಿನ ನಾಗಾವಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನೆಲೆಗೊಂಡಿರುವುದು ಈ ಊರಿನಲ್ಲಿ. ಪಂಚಾಯಿತಿಯಿಂದ ಸಂಸತ್ತಿನವರೆಗಿನ ಪ್ರಾತಿನಿಧ್ಯದ ಏಣಿಯನ್ನು ಪಠ್ಯವಾಗಿ ಕಲಿಸುವ ಈ ನೆಲದಲ್ಲಿ ನಿಂತು ಆ ಏಣಿಯ ಯಾವ ಮೆಟ್ಟಿಲು ಎಷ್ಟು ದಿನ ಖಾಲಿ ಇರುತ್ತದೆ ಎಂದು ಕೇಳುವುದು ಉಚಿತ.

2. ಕರ್ತೃಪದದ ಹುಡುಕಾಟ

ಕಾನೂನಿನ ವಾಕ್ಯವನ್ನೂ ವ್ಯಾಕರಣದ ಕಣ್ಣಿನಿಂದ ಓದಬೇಕು. ಕ್ರಿಯೆ ಯಾವುದು, ಕರ್ತೃ ಯಾರು, ಕಾಲಸೂಚಕ ಇದೆಯೇ, ಈ ಮೂರನ್ನು ನೋಡಿದರೆ ಹೊಣೆ ಎಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಸಂವಿಧಾನ. ಸ್ಥಾನ ತೆರವಾಗುವ ಬಗೆಗಳನ್ನು 190ನೆಯ ವಿಧಿ ಹೇಳುತ್ತದೆ. ಎರಡು ಸದನಗಳ ಸದಸ್ಯತ್ವ, ಅನರ್ಹತೆ, ರಾಜೀನಾಮೆ, ಅನುಮತಿಯಿಲ್ಲದೆ 60 ದಿನಗಳ ಗೈರುಹಾಜರಿ ಅದರಲ್ಲಿ ಬರುತ್ತವೆ. ರಾಜೀನಾಮೆ ಸ್ವಯಿಚ್ಛೆಯದೇ, ನೈಜವೇ ಎಂದು ಸ್ಪೀಕರ್ ಪರಿಶೀಲಿಸಬೇಕೆಂಬ ಮಾತು 1974ರ 33ನೆಯ ತಿದ್ದುಪಡಿಯಲ್ಲಿ ಸೇರಿತು. ಸದಸ್ಯರ ಅನರ್ಹತೆಯ ಪ್ರಶ್ನೆಯಲ್ಲಿ 192ನೆಯ ವಿಧಿ ರಾಜ್ಯಪಾಲರಿಗೆ ನಿರ್ಣಯದ ಅಧಿಕಾರ ಕೊಟ್ಟಿದೆ, ಆದರೆ ಅವರು ಚುನಾವಣಾ ಆಯೋಗದ ಅಭಿಪ್ರಾಯ ಪಡೆದು ಅದರಂತೆಯೇ ನಡೆಯಬೇಕು. ಹೀಗೆ ಕುರ್ಚಿ ಹೇಗೆ ಖಾಲಿಯಾಗುತ್ತದೆ ಎಂಬುದನ್ನು ಸಂವಿಧಾನ ವಿವರವಾಗಿ ಹೇಳಿತು. ಶಾಸನಸಭೆಯ ಖಾಲಿ ಕುರ್ಚಿಗೆ ಚುನಾವಣೆ ಕರೆಯುವವರು ಯಾರು ಎಂಬ ವಾಕ್ಯವನ್ನು ಮಾತ್ರ ಅದು ಬರೆಯಲಿಲ್ಲ. ಚುನಾವಣೆಯ ಮೇಲ್ವಿಚಾರಣೆಯನ್ನು 324ನೆಯ ವಿಧಿಯಲ್ಲಿ ಆಯೋಗಕ್ಕೆ ವಹಿಸಿ, ಉಳಿದದ್ದನ್ನು ಸಂಸತ್ತಿನ ಕಾನೂನಿಗೆ ಬಿಟ್ಟಿತು. ಆ ಕಾನೂನು 1951ರ ಜನಪ್ರಾತಿನಿಧ್ಯ ಕಾಯ್ದೆ.

ಕಾಯ್ದೆಯ ಈಗಿನ ಪಾಠದಲ್ಲಿ ಕ್ರಿಯಾಪದ ಎಲ್ಲೆಡೆ ಒಂದೇ: ಅಧಿಸೂಚನೆಯ ಮೂಲಕ ಕ್ಷೇತ್ರಕ್ಕೆ ಕರೆ ಕೊಡುವುದು. ಬದಲಾಗುವುದು ಕರ್ತೃ. 15ನೆಯ ಕಲಮು ವಿಧಾನಸಭೆಯ ಸಾರ್ವತ್ರಿಕ ಚುನಾವಣೆಯದು. ಅಲ್ಲಿ ಕರ್ತೃ ರಾಜ್ಯಪಾಲರು, ದಿನಾಂಕ ಮಾತ್ರ ಆಯೋಗ ಶಿಫಾರಸು ಮಾಡಿದ್ದು. ನಮ್ಮ ಕಳೆದ ವಿಧಾನಸಭಾ ಚುನಾವಣೆಗೆ 2023ರ ಏಪ್ರಿಲ್ 13ರಂದು ಹೊರಟ ಅಧಿಸೂಚನೆ ಈ ಕಲಮಿನದು. 16ನೆಯ ಕಲಮಿನಲ್ಲಿ ವಿಧಾನಪರಿಷತ್ತಿನಿಂದ ಅವಧಿ ಮುಗಿದು ನಿವೃತ್ತರಾಗುವವರ ಸ್ಥಾನಗಳಿಗೂ ರಾಜ್ಯಪಾಲರೇ ಕರ್ತೃ. 150ನೆಯ ಕಲಮಿಗೆ ಬಂದಾಗ ಕರ್ತೃ ಬದಲಾಗುತ್ತದೆ. ಅವಧಿಯ ನಡುವೆ ವಿಧಾನಸಭಾ ಸ್ಥಾನ ತೆರವಾದರೆ ಕರೆ ಕೊಡಬೇಕಾದದ್ದು ಚುನಾವಣಾ ಆಯೋಗ. ಪರಿಷತ್ತಿನ ಚುನಾಯಿತ ಸ್ಥಾನ ನಡುವೆ ತೆರವಾದರೆ 151ನೆಯ ಕಲಮು, ಅಲ್ಲಿಯೂ ಆಯೋಗವೇ. ಅಂದರೆ ಉಪಚುನಾವಣೆಯ ಕರೆಯಲ್ಲಿ ರಾಜ್ಯಪಾಲರ ಪಾತ್ರವೇ ಇಲ್ಲ.

ಜನರ ನೆನಪಿನಲ್ಲಿ ರಾಜ್ಯಪಾಲರು ಉಳಿದಿರುವುದಕ್ಕೆ ಇನ್ನೊಂದು, ಹಳೆಯ ಕಾರಣವೂ ಇದೆ. 1919ರ ಭಾರತ ಸರ್ಕಾರ ಕಾಯ್ದೆಯ ಅಡಿ ರೂಪುಗೊಂಡ ಚುನಾವಣಾ ನಿಯಮಗಳಲ್ಲಿ ಪ್ರಾಂತೀಯ ಶಾಸನಸಭೆಯ ಸ್ಥಾನ ತೆರವಾದರೆ ಕ್ಷೇತ್ರಕ್ಕೆ ಕರೆ ಕೊಡುವವರು ಗವರ್ನರರೇ ಆಗಿದ್ದರು. ಗದಗ-ಬೆಟಗೇರಿ ಮತ್ತು ಮುಂಡರಗಿ ಆಗ ಬೊಂಬಾಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು. ಗವರ್ನರರ ಕರೆ ಗದಗಿನ ಮತದಾರನಿಗೆ ತಲುಪುತ್ತಿತ್ತು, ಒಂದು ಹರದಾರಿ ಆಚೆಯ ಸಂಸ್ಥಾನದ ಪ್ರಜೆಗೆ ತಲುಪುತ್ತಿರಲಿಲ್ಲ. ಸಂಸ್ಥಾನಗಳು ವಿಲೀನವಾಗಿ, ಏಕೀಕರಣವಾಗಿ, 1997ರಲ್ಲಿ ಗದಗ ಜಿಲ್ಲೆಯೂ ಆಗಿ, ಇಂದು ಈ ನಾಲ್ಕೂ ಪಟ್ಟಣಗಳಿಗೆ ಒಂದೇ ಕಾಯ್ದೆ, ಒಂದೇ ಕರೆ. ಕರೆಯ ಕೈಯೂ ಬದಲಾಗಿದೆ. ಈ ಬದಲಾವಣೆಗೆ ಬೆಲೆ ಇದೆ. ತೆರವಾದ ಸ್ಥಾನ ಸರ್ಕಾರಕ್ಕೆ ಅನುಕೂಲವೋ ಪ್ರತಿಕೂಲವೋ ಆಗಿರಬಹುದು. ಸರ್ಕಾರದ ಸಲಹೆಯಂತೆ ನಡೆಯುವ ಕೈಯಲ್ಲಿ ಆ ಕರೆ ಇರಬಾರದು.

3. ಶಿಗ್ಗಾವಿ: ಗದಗಿನ ಮತ ತೆರವು ಮಾಡಿದ ಕುರ್ಚಿ

ನಮಗೆ ಅತ್ಯಂತ ಹತ್ತಿರದ ನಿದರ್ಶನ ಶಿಗ್ಗಾವಿ. ಅದು ಹಾವೇರಿ ಜಿಲ್ಲೆಯ ಊರು, ಲಕ್ಷ್ಮೇಶ್ವರ ತಾಲ್ಲೂಕಿನ ನೆರೆ. ಶಿಗ್ಗಾವಿ ವಿಧಾನಸಭಾ ಕ್ಷೇತ್ರ ಧಾರವಾಡ ಲೋಕಸಭೆಗೆ ಸೇರಿದೆ. ಗದಗ, ರೋಣ, ಶಿರಹಟ್ಟಿ ಕ್ಷೇತ್ರಗಳು ಹಾವೇರಿ ಲೋಕಸಭೆಗೆ ಸೇರಿವೆ. 2008ರಿಂದ ಶಿಗ್ಗಾವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು 2024ರ ಜೂನ್ 4ರಂದು ಹಾವೇರಿಯಿಂದ ಲೋಕಸಭೆಗೆ ಆಯ್ಕೆಯಾದರು. ಶಿಗ್ಗಾವಿಯ ಮತದಾರರಿಗೆ ಹಾವೇರಿ ಕ್ಷೇತ್ರದ ಆ ಚುನಾವಣೆಯಲ್ಲಿ ಮತವೇ ಇರಲಿಲ್ಲ. ಗದಗ, ಶಿರಹಟ್ಟಿ, ಹಾನಗಲ್, ರಾಣೆಬೆನ್ನೂರಿನವರು ಹಾಕಿದ ಮತದಿಂದ ಶಿಗ್ಗಾವಿಯ ಸೀಟು ಖಾಲಿ ಬಿತ್ತು. ಒಬ್ಬರ ಮತ ಇನ್ನೊಬ್ಬರ ಪ್ರತಿನಿಧಿಯನ್ನು ಎತ್ತಿಕೊಂಡಾಗ ತೆರವನ್ನು ಬೇಗ ತುಂಬುವ ಋಣ ವ್ಯವಸ್ಥೆಯ ಮೇಲಿರುತ್ತದೆ.

ಎರಡು ಕಡೆ ಸದಸ್ಯತ್ವ ಹೊಂದುವಂತಿಲ್ಲ ಎಂಬುದು 101ನೆಯ ವಿಧಿಯ ಮಾತು. ಅದರ ಅಡಿಯ 1950ರ ನಿಯಮದಂತೆ 14 ದಿನಗಳ ಒಳಗೆ ರಾಜ್ಯದ ಸ್ಥಾನಕ್ಕೆ ರಾಜೀನಾಮೆ ಕೊಡದಿದ್ದರೆ ಸಂಸತ್ತಿನ ಸ್ಥಾನವೇ ಹೋಗುತ್ತದೆ. ಹಾಗಾಗಿ ಜೂನ್ ಮಧ್ಯಕ್ಕೆ ಶಿಗ್ಗಾವಿ ಖಾಲಿಯಾಯಿತು. ಲೋಕಸಭೆಗೆ ಹೋದ ಎಚ್.ಡಿ. ಕುಮಾರಸ್ವಾಮಿಯವರ ಚನ್ನಪಟ್ಟಣ, ಇ. ತುಕಾರಾಂ ಅವರ ಸಂಡೂರು ಕೂಡ ಆಗಲೇ ಖಾಲಿಯಾದವು.

ಮುಂದಿನ ದಿನಾಂಕಗಳನ್ನು ಒಂದೊಂದಾಗಿ ನೋಡೋಣ. ಆಯೋಗದ ಅಧಿಸೂಚನೆ 2024ರ ಅಕ್ಟೋಬರ್ 18, ಶುಕ್ರವಾರ. ನಾಮಪತ್ರಕ್ಕೆ ಕೊನೆಯ ದಿನ ಅಕ್ಟೋಬರ್ 25. ಕಾಯ್ದೆಯ 30ನೆಯ ಕಲಮು ಅಧಿಸೂಚನೆಯ ನಂತರದ ಏಳನೆಯ ದಿನ ಎನ್ನುತ್ತದೆ, 25 ಆ ಏಳನೆಯ ದಿನವೇ. ಪರಿಶೀಲನೆ ಮರುದಿನ ನಡೆಯಬೇಕಿತ್ತು. 26 ನಾಲ್ಕನೆಯ ಶನಿವಾರ, 27 ಭಾನುವಾರ. ರಜೆ ಬಂದರೆ ಮುಂದಿನ ಕೆಲಸದ ದಿನ ಎಂಬ ಮಾತೂ ಅದೇ ಕಲಮಿನಲ್ಲಿರುವುದರಿಂದ ಪರಿಶೀಲನೆ 28ಕ್ಕೆ ಬಂತು. ನಾಮಪತ್ರ ಹಿಂತೆಗೆತ ಪರಿಶೀಲನೆಯ ಎರಡನೆಯ ದಿನ, ಅಂದರೆ 30. ಮತದಾನ ಅದರ ಹದಿನಾಲ್ಕನೆಯ ದಿನಕ್ಕಿಂತ ಮೊದಲು ಆಗಕೂಡದು. 30ರಿಂದ ಹದಿನಾಲ್ಕು ದಿನ ಎಣಿಸಿದರೆ ನವೆಂಬರ್ 13. ಮತದಾನ ನಡೆದದ್ದು ಅದೇ ದಿನ. ನವೆಂಬರ್ 23ರ ಎಣಿಕೆಯಲ್ಲಿ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಅವರು ಭರತ್ ಬೊಮ್ಮಾಯಿಯವರನ್ನು 13,448 ಮತಗಳಿಂದ ಸೋಲಿಸಿದರು.

ಇಷ್ಟು ಹತ್ತಿರದಿಂದ ನೋಡಿದ್ದಕ್ಕೆ ಕಾರಣವಿದೆ. ಕರೆ ಹೊರಟ ದಿನದಿಂದ ಮತದಾನದವರೆಗೆ 26 ದಿನ. ಅದರ ಒಂದೊಂದು ಹೆಜ್ಜೆಗೂ ಕಾಯ್ದೆಯಲ್ಲಿ ಬರೆದ ಅಳತೆ ಇದೆ. ಆದರೆ ಸ್ಥಾನ ಖಾಲಿಯಾದ ದಿನದಿಂದ ಕರೆ ಹೊರಡುವವರೆಗಿನ ಸುಮಾರು ನಾಲ್ಕು ತಿಂಗಳಿಗೆ ಅಂಥ ಹೆಜ್ಜೆಗುರುತುಗಳಿಲ್ಲ. ಅಲ್ಲಿರುವುದು ಹೊರಗೆರೆ ಒಂದೇ, ಆರು ತಿಂಗಳು.

4. ಆರು ತಿಂಗಳ ಗೆರೆ, ಮೂರು ಬಾಗಿಲು

ಆ ಗೆರೆಯನ್ನು ಎಳೆದದ್ದು 151ಎ ಕಲಮು. ಅದು ಕಾಯ್ದೆಗೆ ಸೇರಿದ್ದು 1996ರಲ್ಲಿ. ಅದಕ್ಕೂ ಮೊದಲು 45 ವರ್ಷ ಕಾಲ ಕರೆ ಕೊಡಬೇಕೆಂಬ ಆಜ್ಞೆ ಇತ್ತು, ಯಾವಾಗ ಎಂಬುದು ಇರಲಿಲ್ಲ. ಬೇಕೆಂದಾಗ ಬೇಗ ಆಗುತ್ತಿತ್ತು. 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತ ಎಸ್. ನಿಜಲಿಂಗಪ್ಪನವರಿಗಾಗಿ ಬಾಗಲಕೋಟೆಯಲ್ಲಿ ಗೆದ್ದವರು ಸ್ಥಾನ ಬಿಟ್ಟುಕೊಟ್ಟರು. ನಿಜಲಿಂಗಪ್ಪನವರು ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ಎಸ್.ಆರ್. ಕಂಠಿಯವರು ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿಯಾಗಿದ್ದು, ಜೂನ್ 21ರಂದು ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಂಡರು. ನಾಯಕರಿಗೆ ಕ್ಷೇತ್ರ ಬೇಕಾದಾಗ ಹೀಗಾಗುತ್ತದೆ. ಕ್ಷೇತ್ರಕ್ಕೆ ಪ್ರತಿನಿಧಿ ಬೇಕಾದಾಗಲೂ ಅದೇ ಲಗುಬಗೆ ಇರಲಿ ಎಂಬುದೇ ಗಡುವಿನ ಆಶಯ.

ಈಗಿನ ಪಾಠದಂತೆ ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಗೆರೆಯಿಂದ ಹೊರಗೆ ಹೋಗಲು ಕಲಮಿನಲ್ಲೇ ಎರಡು ಬಾಗಿಲುಗಳಿವೆ, ನ್ಯಾಯಾಲಯ ಗುರುತಿಸಿದ ಮೂರನೆಯದೂ ಒಂದಿದೆ.

ಮೊದಲ ಬಾಗಿಲು: ಸದಸ್ಯರ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಗಡುವು ಅನ್ವಯಿಸದು. 2022ರ ಸೆಪ್ಟೆಂಬರ್ 6ರಂದು ಹುಕ್ಕೇರಿಯ ಶಾಸಕ ಉಮೇಶ ಕತ್ತಿಯವರು, ಅಕ್ಟೋಬರ್‌ನಲ್ಲಿ ಸವದತ್ತಿಯ ಶಾಸಕ ಆನಂದ ಮಾಮನಿಯವರು ತೀರಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ ಸಭೆಯ ಅವಧಿಯೇ ಮುಗಿಯುವುದಿದ್ದುದರಿಂದ ಉಪಚುನಾವಣೆ ನಡೆಯಲಿಲ್ಲ. ಈ ಒಂದು ವರ್ಷವನ್ನು ಆಯೋಗ ಎಣಿಸುವುದು ಸ್ಥಾನ ತೆರವಾದ ದಿನದಿಂದ. 2018ರಲ್ಲಿ ಇದು ಚರ್ಚೆಯಾಯಿತು. ಬಳ್ಳಾರಿ, ಶಿವಮೊಗ್ಗ ಲೋಕಸಭಾ ಸ್ಥಾನಗಳು ಮೇ 18ರಂದು, ಮಂಡ್ಯ ಮೇ 21ರಂದು ತೆರವಾದವು. ಆಂಧ್ರಪ್ರದೇಶದ ಐದು ಸ್ಥಾನಗಳು ತೆರವಾದದ್ದು ಜೂನ್ 20ರಂದು. ಲೋಕಸಭೆಯ ಅವಧಿ 2019ರ ಜೂನ್ 3ರವರೆಗಿತ್ತು. ನಮ್ಮ ಮೂರು ಸ್ಥಾನಗಳಿಗೆ ವರ್ಷಕ್ಕಿಂತ ಕೆಲವೇ ದಿನ ಹೆಚ್ಚು, ಆಂಧ್ರದ ಐದಕ್ಕೆ ಕೆಲವೇ ದಿನ ಕಡಿಮೆ. ಹೀಗಾಗಿ ಕರ್ನಾಟಕದಲ್ಲಿ ನವೆಂಬರ್ 3ರಂದು ಮತದಾನವಾಯಿತು, ಆಂಧ್ರದಲ್ಲಿ ಆಗಲಿಲ್ಲ. ಕೆಲವರಿಗೆ ಇದು ಲೆಕ್ಕದ ಹಟವೆನಿಸಿತು. ನನಗೆ ಇದು ಗಡುವಿನ ಬಲವೆನಿಸುತ್ತದೆ. ದಿನಾಂಕ ನಿರ್ಣಯಿಸಿತು, ಮರ್ಜಿ ನಿರ್ಣಯಿಸಲಿಲ್ಲ.

ಎರಡನೆಯ ಬಾಗಿಲು: ಆ ಅವಧಿಯಲ್ಲಿ ಚುನಾವಣೆ ನಡೆಸುವುದು ಕಷ್ಟವೆಂದು ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ಆಯೋಗ ಪ್ರಮಾಣೀಕರಿಸಬಹುದು. ಕೋವಿಡ್ ಕಾಲದಲ್ಲಿ ಗೆರೆ ದಾಟಿದ ಸ್ಥಾನಗಳು ನಮ್ಮಲ್ಲೂ ಇವೆ. ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ಬೆಳಗಾವಿ ಲೋಕಸಭೆಗೆ ಮತದಾನವಾದದ್ದು 2021ರ ಏಪ್ರಿಲ್ 17ರಂದು, ಆರು ತಿಂಗಳು ಮುಗಿದು 25 ದಿನಗಳ ಮೇಲೆ. ಸಿಂದಗಿಯ ಎಂ.ಸಿ. ಮನಗೂಳಿಯವರು 2021ರ ಜನವರಿ 28ರಂದು ತೀರಿಕೊಂಡರು. ಎರಡನೆಯ ಅಲೆಯ ನಡುವೆ ಮೇ 5ರಂದು ಆಯೋಗ ಅಲ್ಲಿನ ಉಪಚುನಾವಣೆಯನ್ನು ಮುಂದೂಡಿತು. ಮತದಾನ ನಡೆದದ್ದು ಅಕ್ಟೋಬರ್ 30ರಂದು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ದಿನಗಳಲ್ಲಿ ಮತಗಟ್ಟೆಯ ಸಾಲು ಬೇಡವೆಂದದ್ದು ಸರಿಯೇ.

ಮೂರನೆಯ ಬಾಗಿಲು ಚುನಾವಣಾ ತಕರಾರು ಅರ್ಜಿ. ಸೋತ ಅಭ್ಯರ್ಥಿ ಗೆದ್ದವರ ಆಯ್ಕೆಯನ್ನು ರದ್ದುಪಡಿಸಿ ತನ್ನನ್ನೇ ಆಯ್ಕೆಯಾದವನೆಂದು ಘೋಷಿಸಲು ಹೈಕೋರ್ಟನ್ನು ಕೇಳಬಹುದು. ಅಂಥ ಅರ್ಜಿ ಬಾಕಿ ಇರುವಾಗ ಉಪಚುನಾವಣೆ ನಡೆದು, ಆಮೇಲೆ ಅರ್ಜಿದಾರನೂ ಗೆದ್ದರೆ ಒಂದು ಕುರ್ಚಿಗೆ ಇಬ್ಬರು. ಈ ತೊಡಕನ್ನು ಸುಪ್ರೀಂ ಕೋರ್ಟ್ 1967ರಲ್ಲಿ ಡಿ. ಸಂಜೀವಯ್ಯ ಪ್ರಕರಣದಲ್ಲಿ ಒಪ್ಪಿಕೊಂಡಿತ್ತು. 151ಎ ಬಂದ ಮೇಲೂ 2010ರಲ್ಲಿ ತೆಲಂಗಾಣ ರಾಷ್ಟ್ರ ಸಮಿತಿಯ ಪ್ರಕರಣದಲ್ಲಿ ಅದೇ ನಿಲುವನ್ನು ಉಳಿಸಿಕೊಂಡಿತು.

ಇದರ ಪೂರ್ತಿ ಭಾರ ಬಿದ್ದದ್ದು ಮಸ್ಕಿಯ ಮೇಲೆ. 2018ರಲ್ಲಿ ಅಲ್ಲಿ ಪ್ರತಾಪಗೌಡ ಪಾಟೀಲರು ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದ್ದರು, ಅದರ ಮೇಲೆ ತಕರಾರು ಅರ್ಜಿ ಇತ್ತು. 2019ರ ಜುಲೈನಲ್ಲಿ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು, ಪಾಟೀಲರೂ ಅವರಲ್ಲಿ ಒಬ್ಬರು. ನಮ್ಮ ನೆರೆಯ ಹಿರೇಕೆರೂರು, ರಾಣೆಬೆನ್ನೂರು ಸೇರಿದಂತೆ 15 ಕ್ಷೇತ್ರಗಳಿಗೆ ಆ ಡಿಸೆಂಬರ್ 5ರಂದು ಮತದಾನವಾಯಿತು. ಅರ್ಜಿ ಬಾಕಿ ಇದ್ದ ರಾಜರಾಜೇಶ್ವರಿನಗರ 2020ರ ನವೆಂಬರ್ 3ರವರೆಗೆ, ಮಸ್ಕಿ 2021ರ ಏಪ್ರಿಲ್ 17ರವರೆಗೆ ಕಾದವು. ಕೊನೆಗೆ ಮಸ್ಕಿಯಲ್ಲಿ ಗೆದ್ದವರು ತುರ್ವಿಹಾಳರೇ.

ದಿನ ಎಣಿಸಿದರೆ ಅಂತರ ಕಣ್ಣಿಗೆ ರಾಚುತ್ತದೆ. ಸಿ.ಎಸ್. ಶಿವಳ್ಳಿಯವರ ನಿಧನದಿಂದ, ಅಂದರೆ 2019ರ ಮಾರ್ಚ್ 22ರಿಂದ, ಮೇ 19ರ ಮತದಾನದವರೆಗೆ ಕುಂದಗೋಳ 58 ದಿನ ಖಾಲಿ ಇತ್ತು. ಸಿ.ಎಂ. ಉದಾಸಿಯವರ ನಿಧನದ ನಂತರ 2021ರಲ್ಲಿ ಹಾನಗಲ್ 144 ದಿನ. ಶಿಗ್ಗಾವಿ ಸುಮಾರು 150 ದಿನ. ಬೆಳಗಾವಿ 206, ಸಿಂದಗಿ 275, ರಾಜರಾಜೇಶ್ವರಿನಗರ 464, ಮಸ್ಕಿ 629. ಇವೆಲ್ಲವೂ ಒಂದೇ ಕಾಯ್ದೆಯಡಿ, ಒಂದೇ ಆಯೋಗದ ಕೈಯಲ್ಲಿ ನಡೆದವು. ಕರ್ತೃ ಬದಲಾಗಲಿಲ್ಲ, ಗಡುವಿನ ಹಿಡಿತ ಬದಲಾಯಿತು. ಐದು ವರ್ಷದ ಅವಧಿಯಲ್ಲಿ ಮಸ್ಕಿಯ ಮತದಾರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಾಲ ವಿಧಾನಸಭೆಯಲ್ಲಿ ದನಿಯಿಲ್ಲದೆ ಇದ್ದ. ತೆರವಿದ್ದರೂ ಸದನ ಕೆಲಸ ಮಾಡಬಹುದೆಂದು 189ನೆಯ ವಿಧಿ ಹೇಳುತ್ತದೆ. ಸದನಕ್ಕೆ ಅಡ್ಡಿಯಿಲ್ಲ ನಿಜ. ಕ್ಷೇತ್ರಕ್ಕೆ ಅಡ್ಡಿಯಿಲ್ಲವೆಂದು ಯಾವ ವಿಧಿಯೂ ಹೇಳಿಲ್ಲ.

5. ರಾಜ್ಯಪಾಲರು ನಿಜಕ್ಕೂ ಕರೆಯುವಲ್ಲಿ

ಇನ್ನು ಉತ್ತರದ ಸರಿಯಾದ ಅರ್ಧ. ರಾಜ್ಯಪಾಲರೇ ಕರ್ತೃವಾಗಿರುವ ಎರಡು ತಾವುಗಳನ್ನು ನೋಡೋಣ. ಎರಡರಲ್ಲೂ ಹೊರಗಡುವು ಇಲ್ಲ.

ಒಂದು, 16ನೆಯ ಕಲಮು. ಕರ್ನಾಟಕ ಪಶ್ಚಿಮ ಪದವೀಧರ ಕ್ಷೇತ್ರ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳದು. ಅದರ ಸದಸ್ಯರ ಅವಧಿ 2020ರ ಜೂನ್ 30ಕ್ಕೆ ಮುಗಿಯಿತು. ಕೋವಿಡ್‌ನಿಂದ ಚುನಾವಣೆ ಮುಂದೆ ಹೋಗಿ, ಅಕ್ಟೋಬರ್ 28ರಂದು ಮತದಾನ, ನವೆಂಬರ್ 10ರಂದು ಎಣಿಕೆಯಾಗಿ ಎಸ್.ವಿ. ಸಂಕನೂರರು ಮತ್ತೆ ಆಯ್ಕೆಯಾದರು. ಗದಗ-ಬೆಟಗೇರಿಯ, ಮುಂಡರಗಿಯ, ಶಿರಹಟ್ಟಿಯ ಪದವೀಧರರಿಗೆ ಆ ನಡುವಿನ 133 ದಿನ ಮೇಲ್ಮನೆಯಲ್ಲಿ ಪ್ರತಿನಿಧಿ ಇರಲಿಲ್ಲ. ಕಾರಣ ನ್ಯಾಯವಾದದ್ದೇ. ಆದರೆ ಪಾಠವನ್ನು ನೋಡಿ: ಅವಧಿ ಮುಗಿಯುವ ಮೂರು ತಿಂಗಳಿಗಿಂತ ಮೊದಲು ಅಧಿಸೂಚನೆ ಹೊರಡಿಸಬಾರದು ಎಂದು 16ನೆಯ ಕಲಮು ಹೇಳುತ್ತದೆ, ಎಷ್ಟರ ನಂತರ ತಡ ಮಾಡಬಾರದು ಎಂದು ಹೇಳುವುದಿಲ್ಲ. ಆತುರಕ್ಕೆ ಬೇಲಿ ಇದೆ, ವಿಳಂಬಕ್ಕೆ ಇಲ್ಲ. 151ಎ ಕಲಮಿನ ಆರು ತಿಂಗಳು ಅವಧಿಯ ನಡುವಿನ ತೆರವಿಗೆ ಮಾತ್ರ ಅನ್ವಯ.

ಎರಡು, ನಾಮನಿರ್ದೇಶನ. ನಮ್ಮ ವಿಧಾನಪರಿಷತ್ತಿನ 75 ಸದಸ್ಯರಲ್ಲಿ 11 ಮಂದಿಯನ್ನು 171ನೆಯ ವಿಧಿಯಡಿ ರಾಜ್ಯಪಾಲರು ನೇಮಿಸುತ್ತಾರೆ, ಸಚಿವ ಸಂಪುಟದ ಸಲಹೆಯ ಮೇರೆಗೆ. ಇಲ್ಲಿ ಚನ್ನಪಟ್ಟಣದ ಕತೆ ಮತ್ತೆ ಬರುತ್ತದೆ. ಅಲ್ಲಿನ ಉಪಚುನಾವಣೆಗೆ ನಿಲ್ಲಲು ಸಿ.ಪಿ. ಯೋಗೇಶ್ವರ ಅವರು 2024ರ ಅಕ್ಟೋಬರ್‌ನಲ್ಲಿ ತಮ್ಮ ನಾಮನಿರ್ದೇಶಿತ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅವರು ಸ್ಪರ್ಧಿಸಿದ ವಿಧಾನಸಭಾ ಸ್ಥಾನ ಗಡುವಿನೊಳಗೆ, ನವೆಂಬರ್ 23ರ ಹೊತ್ತಿಗೆ ತುಂಬಿತು. ಅವರು ಬಿಟ್ಟುಬಂದ ಪರಿಷತ್ ಸ್ಥಾನ ತುಂಬಿದ್ದು 2025ರ ಸೆಪ್ಟೆಂಬರ್‌ನಲ್ಲಿ. ವ್ಯಕ್ತಿ ಒಬ್ಬರೇ, ಕುರ್ಚಿ ಎರಡು. ಒಂದಕ್ಕೆ ಗಡುವಿತ್ತು, ಇನ್ನೊಂದಕ್ಕೆ ಇರಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

6. ಹೊರಗಿನ ಒಂದು ಹೋಲಿಕೆ

ರಾಜ್ಯಪಾಲರ ಕೈಯಲ್ಲೇ ಉಪಚುನಾವಣೆಯ ಕರೆ ಇದ್ದಿದ್ದರೆ ಏನಾಗುತ್ತಿತ್ತು? ಅಮೆರಿಕದ ರಾಜ್ಯಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅಲ್ಲಿನ ಗವರ್ನರ್ ಜನರಿಂದ ಆಯ್ಕೆಯಾದ, ಪಕ್ಷಕ್ಕೆ ಸೇರಿದ ಮುಖ್ಯಸ್ಥ. ತೆರವಾದ ಸ್ಥಾನಗಳಿಗೆ ಗವರ್ನರ್ ಚುನಾವಣಾ ಆಜ್ಞೆ ಹೊರಡಿಸತಕ್ಕದ್ದು ಎಂಬುದು ವಿಸ್ಕಾನ್ಸಿನ್ ರಾಜ್ಯದ ಸಂವಿಧಾನದಲ್ಲೇ ಇದೆ. 2017ರ ಡಿಸೆಂಬರ್ ಕೊನೆಗೆ ಅಲ್ಲಿನ ಇಬ್ಬರು ಶಾಸಕರು ಗವರ್ನರ್ ಸ್ಕಾಟ್ ವಾಕರ್ ಅವರ ಆಡಳಿತಕ್ಕೆ ಸೇರಲು ರಾಜೀನಾಮೆ ಕೊಟ್ಟರು. ವಾಕರ್ ಚುನಾವಣೆ ಕರೆಯಲಿಲ್ಲ, ನವೆಂಬರ್‌ನ ಸಾರ್ವತ್ರಿಕ ಚುನಾವಣೆವರೆಗೆ ಸ್ಥಾನಗಳು ಖಾಲಿ ಇರಲಿ ಎಂದರು. ಮತದಾರರು ನ್ಯಾಯಾಲಯಕ್ಕೆ ಹೋದರು. 2018ರ ಮಾರ್ಚ್‌ನಲ್ಲಿ ನ್ಯಾಯಾಧೀಶೆ ಜೋಸಾನ್ ರೆನಾಲ್ಡ್ಸ್, ಚುನಾವಣೆ ಕರೆಯುವುದು ಗವರ್ನರರ ಕರ್ತವ್ಯ, ಕರೆಯಲೇಬೇಕು ಎಂದು ಆದೇಶಿಸಿದರು. ಅವರನ್ನು ಆ ಪೀಠಕ್ಕೆ ನೇಮಿಸಿದವರು ವಾಕರ್ ಅವರೇ. ಜೂನ್ 12ರಂದು ಮತದಾನವಾಯಿತು.

ಈ ಪ್ರಕರಣದಿಂದ ಎರಡು ಪಾಠ. ಪಕ್ಷದ ಲಾಭ-ನಷ್ಟಕ್ಕೆ ಸಿಕ್ಕ ಕೈಯಲ್ಲಿ ಕರೆ ಇದ್ದರೆ ವಿಳಂಬದ ಆಸೆ ಹುಟ್ಟುತ್ತದೆ. ನಮ್ಮ ಕಾಯ್ದೆ ಆ ಕರೆಯನ್ನು ಆಯೋಗಕ್ಕೆ ಕೊಟ್ಟದ್ದು ಸರಿ. ಎರಡನೆಯದು, ಕರ್ತವ್ಯವೆಂದು ಬರೆದಿಟ್ಟರೆ ಸಾಲದು, ಅದನ್ನು ಕೇಳಲು ಬಾಗಿಲು ತಟ್ಟುವ ಮತದಾರ ಬೇಕು. ವಿಸ್ಕಾನ್ಸಿನ್‌ನಲ್ಲಿ ಗೆದ್ದದ್ದು ಅಂಥ ಮತದಾರರು.

7. ಮತ್ತೆ ನಾಗಾವಿಗೆ

ಏಣಿಯ ಕೆಳಗಿನ ಮೆಟ್ಟಿಲಿಗೆ ಬಂದಾಗ ಸಂವಿಧಾನದ ಭಾಷೆ ಇನ್ನೂ ಬಿಗಿಯಾಗುತ್ತದೆ. ಪಂಚಾಯಿತಿಗಳ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಆ ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು ಎನ್ನುತ್ತದೆ 243ಇ ವಿಧಿ. ವಿಧಾನಸಭೆಯ ತೆರವಿನ ಗಡುವು ಸಂಸತ್ತಿನ ಕಾಯ್ದೆಯಲ್ಲಿದ್ದರೆ ಪಂಚಾಯಿತಿಯ ಗಡುವು ಸಂವಿಧಾನದಲ್ಲೇ ಇದೆ. ಚುನಾವಣೆಯ ಹೊಣೆ 243ಕೆ ವಿಧಿಯಂತೆ ರಾಜ್ಯ ಚುನಾವಣಾ ಆಯೋಗದ್ದು. ಅದರ ಆಯುಕ್ತರನ್ನು ನೇಮಿಸುವವರು ರಾಜ್ಯಪಾಲರು, ಆಯೋಗ ಕೇಳಿದ ಸಿಬ್ಬಂದಿಯನ್ನು ಒದಗಿಸಬೇಕಾದವರೂ ರಾಜ್ಯಪಾಲರೇ. ರಾಜ್ಯಪಾಲರ ಹೆಸರು ಜನರ ಬಾಯಲ್ಲಿ ಉಳಿದದ್ದು ಇಲ್ಲಿ ಸಾರ್ಥಕವಾಗಬಹುದಿತ್ತು.

ಆದದ್ದು ಬೇರೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕರ್ನಾಟಕದಲ್ಲಿ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆದಿತ್ತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಪುನರ್ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಆಯೋಗಕ್ಕೆ ಕೊಡುವ ಕಾನೂನು ಅದೇ ವರ್ಷ ಬಂತು. ಆಮೇಲೆ ಮೀಸಲಾತಿಯ ಪಟ್ಟಿ, ಹೈಕೋರ್ಟಿನ ವಿಚಾರಣೆ. ನಾಲ್ಕು ವರ್ಷ ದಾಟಿದರೂ ಚುನಾವಣೆ ನಡೆಯಲಿಲ್ಲ. ಗಡುವು ಪಾಲಿಸುವುದು ರಾಜ್ಯ ಚುನಾವಣಾ ಆಯೋಗದ ಕರ್ತವ್ಯ, ಸರ್ಕಾರ ಸಹಕರಿಸದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು ಎಂದು 2006ರಲ್ಲೇ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತ್ತು. ನಮ್ಮ ಆಯೋಗವೂ ಹೈಕೋರ್ಟಿಗೆ ಹೋಯಿತು. ಅಷ್ಟಾದರೂ ಕುರ್ಚಿಗಳು ತುಂಬಲಿಲ್ಲ.

ಇದು ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯ, ಅದನ್ನು ಮರೆಮಾಚಬಾರದು. ಗಡುವಿದ್ದರೆ ಸ್ಥಾನ ತುಂಬುತ್ತದೆ ಎಂದೆ. ಇಲ್ಲಿ ಗಡುವು ಸಂವಿಧಾನದಲ್ಲೇ ಇದ್ದೂ ತುಂಬಲಿಲ್ಲ. ಆದ್ದರಿಂದ ವಾದವನ್ನು ಹೀಗೆ ತಿದ್ದಿಕೊಳ್ಳಬೇಕು: ಗಡುವು ಕೆಲಸ ಮಾಡುವುದು ಕರೆ ಕೊಡುವ ಕೈಯಲ್ಲೇ ಅದಕ್ಕೆ ಬೇಕಾದ ಎಲ್ಲ ಸಾಧನಗಳೂ ಇದ್ದಾಗ. ಶಿಗ್ಗಾವಿಗೆ ಕರೆ ಕೊಡಲು ಭಾರತದ ಚುನಾವಣಾ ಆಯೋಗ ಯಾರ ಪಟ್ಟಿಗೂ ಕಾಯಬೇಕಿರಲಿಲ್ಲ. ಗಡಿ, ಮೀಸಲಾತಿ, ಮತದಾರರ ಪಟ್ಟಿ ಎಲ್ಲವೂ ಮೊದಲೇ ಸಿದ್ಧ. ಜಿಲ್ಲಾ ಪಂಚಾಯಿತಿಗೆ ಕರೆ ಕೊಡಬೇಕಾದ ಆಯೋಗದ ಕೈಯಲ್ಲಿ ಗಡಿಯೂ ಇರಲಿಲ್ಲ, ಮೀಸಲಾತಿ ಪಟ್ಟಿಯೂ ಇರಲಿಲ್ಲ. ಎರಡೂ ಸರ್ಕಾರದ ಕಡೆ ಇದ್ದವು. ಗಡುವು ಒಬ್ಬರಿಗೆ, ಕೀಲಿಕೈ ಇನ್ನೊಬ್ಬರಿಗೆ.

8. ತಿಳಿದುಬಂದದ್ದು

ಜನರ ಪ್ರಶ್ನೆಗೆ ಈಗ ನೇರ ಉತ್ತರ ಕೊಡಬಹುದು. ಶಾಸಕರ ಸೀಟು ನಡುವೆ ಖಾಲಿ ಬಿದ್ದರೆ ಕರೆ ಕೊಡುವುದು ರಾಜ್ಯಪಾಲರಲ್ಲ, ಚುನಾವಣಾ ಆಯೋಗ, ಅದೂ ಆರು ತಿಂಗಳೊಳಗೆ ಮತದಾನ ಮುಗಿಯುವಂತೆ. ಸಾರ್ವತ್ರಿಕ ಚುನಾವಣೆಗೆ, ಪರಿಷತ್ತಿನ ಅವಧಿ ಮುಗಿದ ಸ್ಥಾನಗಳಿಗೆ ಕರೆ ಕೊಡುವುದು ರಾಜ್ಯಪಾಲರು, ಆಯೋಗ ಹೇಳಿದ ದಿನಾಂಕದಂದು. ನಾಮನಿರ್ದೇಶಿತ ಸ್ಥಾನ ತುಂಬುವುದು ರಾಜ್ಯಪಾಲರು, ಸಂಪುಟದ ಸಲಹೆಯಂತೆ, ಗಡುವಿಲ್ಲದೆ.

ತಿದ್ದಬೇಕಾದದ್ದೂ ಕಾಣುತ್ತದೆ. 16ನೆಯ ಕಲಮಿಗೂ ನಾಮನಿರ್ದೇಶನಕ್ಕೂ ಆರು ತಿಂಗಳ ಹೊರಗೆರೆ ಬೇಕು. ಗೆರೆ ದಾಟಿದ ಪ್ರತಿ ಸ್ಥಾನದ ಕಾರಣವನ್ನು ಆಯೋಗ ಆ ಕ್ಷೇತ್ರದ ತಹಶೀಲ್ದಾರ ಕಚೇರಿಯ ಫಲಕದಲ್ಲಿ ಕನ್ನಡದಲ್ಲಿ ಹಚ್ಚಬೇಕು, ಏಕೆಂದರೆ ಕಾಯುವವರು ಓದುವುದು ಅಲ್ಲಿ. ಸ್ಥಾನ ತೆರವಾಗಿರುವಾಗ ತಕರಾರು ಅರ್ಜಿಗಳನ್ನು ಹೈಕೋರ್ಟು ಮೊದಲ ಸರದಿಯಲ್ಲಿ ಕೇಳಬೇಕು, ಮಸ್ಕಿಯ 629 ದಿನ ಮರುಕಳಿಸಬಾರದು. ಪಂಚಾಯಿತಿಯ ಗಡಿ ಮತ್ತು ಮೀಸಲಾತಿ ಪಟ್ಟಿ ಅವಧಿ ಮುಗಿಯುವ ವರ್ಷಕ್ಕೆ ಮುಂಚೆಯೇ ರಾಜ್ಯ ಚುನಾವಣಾ ಆಯೋಗದ ಕೈ ಸೇರಬೇಕು.

ನಾಗಾವಿಯ ತರಗತಿಯಲ್ಲಿ 243ಇ ವಿಧಿಯನ್ನು ಓದುವ ವಿದ್ಯಾರ್ಥಿಗೆ 2021ರಲ್ಲಿ ಹದಿನೆಂಟು ತುಂಬಿದ್ದರೆ, ಅವಳು ಲೋಕಸಭೆಗೆ ಮತ ಹಾಕಿರಬಹುದು, ವಿಧಾನಸಭೆಗೂ ಹಾಕಿರಬಹುದು. ತನ್ನ ಪದವಿಯ ವಿಷಯವೇ ಆದ ಜಿಲ್ಲಾ ಪಂಚಾಯಿತಿಗೆ ಮತ ಹಾಕುವ ಸರದಿ 2021ರ ನಂತರದ ನಾಲ್ಕು ವರ್ಷಗಳಲ್ಲಿ ಅವಳಿಗೆ ಒಮ್ಮೆಯೂ ಬರಲಿಲ್ಲ. ಅವಳಿಗೆ ಆ ಕರೆ ತಲುಪಬೇಕು.